ಒಂಟಿ ಗಾಲಿಗೆ ಒಂದು ನಿಂಬೆಹಣ್ಣು

ನನ್ನ ತಮ್ಮನ ಬಲಗೈ ಹೇಗೆ ಮುರಿಯಿತು ಎಂದು ನಮ್ಮ ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ಆ ಒಂಟಿ ಗಾಲಿ ಸೈಕಲ್ಲಿನಿಂದ ಎಂದೇ ಹೇಳುತ್ತಾರೆ. ಹಾಗೆ ಹೇಳಿಕೊಟ್ಟವಳು ನಾನು. ಇಪ್ಪತ್ತು ವರ್ಷದಿಂದ ಇದೇ ಊರಿನ ಮಕ್ಕಳಿಗೆ ಮಗ್ಗಿ ಕಲಿಸುತ್ತಿರುವ ಮೇಡಂ ಹೇಳಿದ ಮೇಲೆ ಸುಳ್ಳಿರುವುದುಂಟೇ? ಎಲ್ಲರೂ ನಂಬಿದರು. ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ, ಆ ಗಾದೆ ಕಟ್ಟಿದವನು ನಮ್ಮ ಮನೆಗೆ ಬಂದಿರಲಿಲ್ಲ. ಇಲ್ಲಿ ಮಾಡಿದವಳು ನಾನು, ಉಣ್ಣುತ್ತಿರುವವನು ಅವನು.

ಹೊಳೆನರಸೀಪುರದಲ್ಲಿ ನಮ್ಮದು ಮೂರು ಜನರ ಮನೆ. ಅವ್ವ, ನಾನು, ನನಗಿಂತ ಹನ್ನೊಂದು ವರ್ಷಕ್ಕೆ ಚಿಕ್ಕವನಾದ ತಮ್ಮ. ನನ್ನ ಮದುವೆ ಯಾಕಾಗಲಿಲ್ಲ ಎಂಬುದು ಬೇರೆ ಪುರಾಣ, ಇಲ್ಲಿ ಬೇಡ. ತಮ್ಮ ಹಾಸನದ ಕಟ್ಟಿನಕೆರೆ ಮಾರುಕಟ್ಟೆ ಹತ್ತಿರ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಒಡೆದ ಗಾಜು ಬದಲಾಯಿಸುವುದನ್ನು ಯಾರು ಬೇಕಾದರೂ ಮಾಡುತ್ತಾರೆ. ಇವನದು ಬೋರ್ಡಿನ ಕೆಲಸ. ದೊಡ್ಡದಾಗಿ ಕಾಣಿಸುವ ಗಾಜಿನ ಕೆಳಗೆ ಫೋನಿನ ಹೊಟ್ಟೆ ಬಗೆದಿಟ್ಟುಕೊಂಡು, ಸಾಸಿವೆ ಕಾಳಿಗಿಂತ ಸಣ್ಣ ಚೂರುಗಳನ್ನು ಚಿಮಟದಲ್ಲಿ ಎತ್ತಿ, ಕಾದ ಕಡ್ಡಿಯಿಂದ ಬೆಸುಗೆ ಹಾಕಿ ಕೂರಿಸುವುದು. ನೀರಿಗೆ ಬಿದ್ದು ಸತ್ತೇ ಹೋಯಿತು ಎಂದ ಫೋನುಗಳನ್ನು ಅರಕಲಗೂಡಿನ ಅಂಗಡಿಯವರು ಬಸ್ ಕಂಡಕ್ಟರ್ ಕೈಯಲ್ಲಿ ಇವನ ಹೆಸರಿಗೇ ಕಳಿಸುತ್ತಿದ್ದರು. ಕೈ ಅಂದರೆ ಇವನ ಕೈ ಎಂದು ಅಂಗಡಿ ಮಾಲೀಕ ನನ್ನೆದುರಿಗೇ ಒಂದು ಸಲ ಹೇಳಿದ್ದ. ಕೇಳಿ ನನಗೂ ಕೊಂಬು ಬಂದಿತ್ತು.

ಅಪ್ಪ ದುದ್ದದ ಹತ್ತಿರ ಮೊಪೆಡ್ಡಿನಿಂದ ಬಿದ್ದು ತೀರಿಕೊಂಡಾಗ ಇವನಿಗೆ ಒಂಬತ್ತು ವರ್ಷ. ಹದಿನೆಂಟು ತುಂಬಿದ ದಿನ ಅವ್ವ ಇವನ ಕೈಯನ್ನು ತನ್ನ ತಲೆಯ ಮೇಲೆ ಇರಿಸಿಕೊಂಡು, ಎಂಜಿನ್ ಇರುವ ಗಾಡಿ ಓಡಿಸುವುದಿಲ್ಲ ಎಂದು ಆಣೆ ಮಾಡಿಸಿದಳು. ಹೆತ್ತವಳ ತಲೆ ಮುಟ್ಟಿ ಹಾಕಿದ ಆಣೆ. ಅವನು ಇವತ್ತಿಗೂ ಮುರಿದಿಲ್ಲ. ಜೊತೆಯ ಹುಡುಗರೆಲ್ಲ ಬೈಕಿನಲ್ಲಿ ಹಾಸನಕ್ಕೆ ಹೋಗಿ ಬರುವಾಗ ಇವನು ಬೆಳಗಿನ ರೈಲು, ಸಂಜೆಯ ರೈಲು. ನಮ್ಮ ಮನೆಯಿಂದ ಸ್ಟೇಷನ್ನು ದೂರ, ಹಾಸನ ಸ್ಟೇಷನ್ನಿನಿಂದ ಅಂಗಡಿ ಇನ್ನೂ ದೂರ. ಹಾಸನದಲ್ಲಿ ಒಂದು ಹಳೆ ಸೈಕಲ್ ಇಟ್ಟುಕೊಂಡಿದ್ದ, ಒಂದು ಟೀ ಅಂಗಡಿ ಪಕ್ಕದ ಮರಕ್ಕೆ ಬೀಗ ಹಾಕಿ. ಮೊದಲು ಬೆಲ್ ಹೋಯಿತು. ಆಮೇಲೆ ಸೀಟು ಹೋಯಿತು. ಒಂದು ದಿನ ಬೀಗವೊಂದೇ ಮರಕ್ಕೆ ನೇತಾಡುತ್ತಿತ್ತು. ಅದಾದ ಮೇಲೆ ನಡಿಗೆಯೇ. ಸಂಜೆ ರೈಲು ತಪ್ಪಿದರೆ ಬಸ್ಸಿಗೆ ಓಡುವುದು, ಅದರಲ್ಲಿ ಒಂಟಿ ಕಾಲಿನಲ್ಲಿ ನಿಂತುಕೊಂಡು ಬರುವುದು.

ಹೀಗಿರುವಾಗ ಒಂದು ದಿನ ಊಟಕ್ಕೆ ಕೂತವನು ಫೋನು ತೋರಿಸಿದ. ಯಾವುದೋ ದೊಡ್ಡ ಊರಲ್ಲಿ, ಇಸ್ತ್ರಿ ಶರ್ಟು ಹಾಕಿದ ಗಂಡಸೊಬ್ಬ ಒಂದೇ ಗಾಲಿಯ ಮೇಲೆ ಕೂತು ಆಫೀಸಿಗೆ ಹೋಗುತ್ತಿದ್ದ. ಸ್ಟೇಷನ್ ಬಂದಾಗ ಇಳಿದು, ಗಾಲಿಯನ್ನು ಕೊಡೆಯ ಹಾಗೆ ಕೈಯಲ್ಲಿ ಹಿಡಿದು ರೈಲು ಹತ್ತಿದ. ನಾನು ನಕ್ಕೆ. ಅವನು ನಗಲಿಲ್ಲ.

"ಅಕ್ಕ, ಇದ್ರಲ್ಲಿ ಎಂಜಿನ್ ಇಲ್ಲ. ಅವ್ವನ ಆಣೆನೂ ಉಳೀತದೆ. ರೈಲಲ್ಲಿ ಕಾಲ್ ಸಂದೀಲಿ ಇಟ್ಕಂಡು ಓಗ್ಬೋದು" ಅಂದ.

ಅವ್ವ ಅನ್ನ ಬಡಿಸುತ್ತಿದ್ದವಳು, ಎಂಜಿನ್ ಇಲ್ಲ ತಾನೆ ಎಂದು ಎರಡು ಸಲ ಕೇಳಿ ಸುಮ್ಮನಾದಳು.

ಅಲ್ಲಿಂದ ಒಂದು ತಿಂಗಳು ನಮ್ಮ ಮನೆಯಲ್ಲಿ ಅದೇ ಧ್ಯಾನ. ನನ್ನ ಶಾಲೆಯ ಹಳೆ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಗಾಲಿಯ ಅಳತೆಗಳನ್ನು ಬರೆದುಕೊಂಡ. ಇಪ್ಪತ್ತು ಇಂಚಿನದು ಕಲಿಯುವುದಕ್ಕೆ, ಆಟಕ್ಕೆ. ಇಪ್ಪತ್ತಾರರ ಮೇಲಿನದು ದಾರಿಗೆ. ಇದಕ್ಕೆ ಚೈನಿಲ್ಲ, ಗೇರಿಲ್ಲ, ಪೆಡಲ್ ಒಂದು ಸುತ್ತು ತುಳಿದರೆ ಗಾಲಿ ಒಂದೇ ಸುತ್ತು, ಅದರಿಂದ ಗಾಲಿ ದೊಡ್ಡದಾದಷ್ಟೂ ದೂರ ಹೋಗುತ್ತದೆ ಎಂದು ನನಗೇ ಪಾಠ ಮಾಡಿದ. ಸುತ್ತಳತೆಯ ಲೆಕ್ಕ ಕಲಿಸಿದವಳು ನಾನು ಕಣೋ ಅಂದೆ. ಫೋನಿನಲ್ಲಿ ತರಿಸುವ ಹೊಸದಕ್ಕೆ ಬೆಲೆ ಜಾಸ್ತಿ. ಅಗ್ಗಕ್ಕೆ ಸಿಗುವುದರ ಪೆಡಲ್ ಕಡ್ಡಿ ತಿಂಗಳಿಗೇ ಸಡಿಲಾಗುತ್ತದೆ ಎಂದು ಕೊಂಡವರು ಬೈದು ಬರೆದಿದ್ದರು. ಕೊನೆಗೆ ಅಂಗಡಿಗೆ ಬರುವ ಗಿರಾಕಿಯೊಬ್ಬ ಚನ್ನರಾಯಪಟ್ಟಣದ ಒಬ್ಬ ಮುದುಕನ ವಿಷಯ ಹೇಳಿದ. ಆ ಭಾನುವಾರ ಇವನ ಜೊತೆ ನಾನೂ ಹೊರಟೆ. ಇವನು ದಾಕ್ಷಿಣ್ಯಕ್ಕೆ ಬಸಿರಾಗುವ ಪೈಕಿ, ಒಬ್ಬನನ್ನೇ ಕಳಿಸಿದರೆ ಹೇಳಿದ ಬೆಲೆ ಕೊಟ್ಟು ಬರುತ್ತಾನೆ ಎಂಬುದು ನನ್ನ ವಾದ.

ಆ ಮುದುಕನನ್ನು ನೋಡಿದ ಕೂಡಲೇ ನನಗೆ ಚಿಕ್ಕಂದಿನದೊಂದು ನೆನಪು ಬಂತು. ಆಗೆಲ್ಲ ಶಾಲೆ ಮೈದಾನಗಳಲ್ಲಿ ಸೈಕಲ್ ಷೋ ನಡೆಯುತ್ತಿದ್ದವು. ಒಬ್ಬ ಆಸಾಮಿ ಸೈಕಲ್ ಹತ್ತಿದ ಎಂದರೆ ವಾರಗಟ್ಟಲೆ ಕೆಳಗೆ ಕಾಲಿಡುತ್ತಿರಲಿಲ್ಲ. ಸ್ನಾನ, ಊಟ, ಗಡ್ಡ ಎಲ್ಲ ಸೈಕಲ್ ಮೇಲೆಯೇ. ಜನ ಅವನ ಅಂಗಿಗೆ ನೋಟು ಚುಚ್ಚುತ್ತಿದ್ದರು. ಇವನೂ ಅಂಥವನೇ, ಈ ಕಡೆಯ ಊರುಗಳನ್ನೆಲ್ಲ ಸುತ್ತಿದವನು. ಈಗ ಬಸ್‌ಸ್ಟ್ಯಾಂಡಿನ ಹಿಂದೆ ಪಂಕ್ಚರ್ ಹಾಕುತ್ತಿದ್ದ. ಅಂಗಡಿಯ ಗೋಡೆಯಲ್ಲಿ ಎರಡು ಒಂಟಿ ಗಾಲಿಗಳು ಮೊಳೆಗೆ ನೇತಾಡುತ್ತಿದ್ದವು. ಒಂದು ಚಿಕ್ಕದು, ಷೋನಲ್ಲಿ ಆಡಿಸುತ್ತಿದ್ದದ್ದು. ಇನ್ನೊಂದು ದೊಡ್ಡ ಸೈಕಲ್ಲಿನ ಗಾಲಿಗೆ ಸೀಟಿನ ಕಂಬ ಬೆಸೆದು ಅವನೇ ಮಾಡಿಕೊಂಡದ್ದು.

ತಮ್ಮ ಸೀದಾ ಹೋಗಿ ದೊಡ್ಡದರ ಮೇಲೆ ಕೈಯಿಟ್ಟ. ಮುದುಕನ ಮುಖ ಅರಳಿತು. ಆದರೆ ಅವನು ಮಾತಾಡಿದ್ದು ನನ್ನ ಕಡೆ ತಿರುಗಿ, ತೀರ್ಮಾನ ಯಾರದು ಎಂಬುದು ಅವನಿಗೆ ಗೊತ್ತಾಗಿತ್ತು.

"ರೋಡಿಗೆ ಅಂದ್ರೆ ದೊಡ್ಡದೇ ಸರಿ ಮೇಡಂ. ಇದು ಕಲ್ಲು ಸಿಕ್ಕುದ್ರೆ ಅತ್ತಿ ಇಳೀತದೆ. ಚಿಕ್ಕದು ಸ್ಟೇಜಿಗೆ. ಅದುಕ್ಕೆ ಒಂದು ಗೋಲಿ ಅಡ್ಡ ಬಂದ್ರೂ ನಿಂತೋಯ್ತದೆ."

ಇದನ್ನು ನಾನು ಸ್ಪಷ್ಟವಾಗಿ ಕೇಳಿಸಿಕೊಂಡೆ. ಮುಂದೆ ನಡೆದದ್ದಕ್ಕೆ ನನಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ದೊಡ್ಡದರ ಸೀಟು ನನ್ನ ಎದೆಮಟ್ಟಕ್ಕೆ ಬರುತ್ತಿತ್ತು. ಅಷ್ಟೆತ್ತರದಿಂದ ಬಿದ್ದರೆ ಎಂದೆ. ಬೆಲೆಯೂ ಆರುನೂರು ಹೆಚ್ಚು ಎಂದೆ. ನಿಜ ಹೇಳಬೇಕೆಂದರೆ ದೊಡ್ಡದು ದೂರದಿಂದಲೂ ಕಾಣುತ್ತಿತ್ತು. ಚಿಕ್ಕದಾದರೆ ಜನರ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ ಎಂದು ಲೆಕ್ಕ ಹಾಕಿದೆ. ತಮ್ಮ ದೊಡ್ಡ ಗಾಲಿಯನ್ನು ಒಂದು ಸಲ ತಿರುಗಿಸಿ, ಅದು ನಿಲ್ಲುವವರೆಗೂ ನೋಡಿ, ಸರಿ ಅಕ್ಕ ನೀನೇಳ್ದಂಗೆ ಅಂದ. ಚಿಕ್ಕದನ್ನೇ ತಂದೆವು. ಅಪ್ಪ ಹೋದ ಮೇಲೆ ಅವನು ನನಗೆ ಎದುರು ಮಾತಾಡಿದ್ದೇ ಇಲ್ಲ. ಅದನ್ನು ನಾನು ಒಳ್ಳೆಯ ಗುಣ ಎಂದುಕೊಂಡಿದ್ದೆ, ಸವಲತ್ತು ಮಾಡಿಕೊಂಡಿದ್ದೆ.

ಆಷಾಢದಲ್ಲಿ ತಂದ ಗಾಡಿ, ಈಗ ಪೂಜೆ ಬೇಡ, ಆಯುಧಪೂಜೆಗೆ ಮಾಡಿಸೋಣ ಎಂದಳು ಅವ್ವ. ಅಷ್ಟರಲ್ಲಿ ಅವನು ಕಲಿತ. ನಮ್ಮ ಶಾಲೆಯ ಕಾಂಪೌಂಡ್ ಗೋಡೆ ಹಿಡಿದುಕೊಂಡು ದಿನಾ ಬೆಳಗ್ಗೆ, ರೈಲಿಗೆ ಮುಂಚೆ. ಮೊದಲ ವಾರ ಗೋಡೆ ಬಿಡಲಿಲ್ಲ. ಎರಡನೇ ವಾರ ಎರಡು ಮಾರು. ಗೌರಿ ಹಬ್ಬದ ಹೊತ್ತಿಗೆ ಬೀದಿಯ ಈ ತುದಿಯಿಂದ ಆ ತುದಿ. ಬೀಳುತ್ತಿದ್ದ, ಆದರೆ ಪೆಟ್ಟಾಗುತ್ತಿರಲಿಲ್ಲ. ಒಂದು ದಿನ ಕಾಫಿ ಕುಡಿಯುತ್ತಾ ವಿವರಿಸಿದ. ಸಾಮಾನ್ಯವಾಗಿ ಗಾಲಿ ಮುಂದಕ್ಕೋ ಹಿಂದಕ್ಕೋ ಜಾರಿಕೊಳ್ಳುತ್ತದೆ, ನಾವು ಕಾಲ ಮೇಲೇ ನಿಂತುಕೊಳ್ಳುತ್ತೇವೆ. ಗಾಲಿ ತಟಕ್ಕನೆ ನಿಂತರೆ ಮಾತ್ರ ಕಾಲು ಬಿಡಿಸಿಕೊಳ್ಳುವುದಕ್ಕೆ ಹೊತ್ತಿರುವುದಿಲ್ಲ, ಮುಖ ಕೆಳಗಾಗಿ ಬೀಳುವುದೇ. ಅದಕ್ಕೇ ದಾರಿಯಲ್ಲಿ ಕಲ್ಲು ಕಂಡರೆ ಇಳಿದು ನಡೆಯುತ್ತೇನೆ, ಹೆದರಬೇಡ ಎಂದ. ನನ್ನ ಸಮಾಧಾನಕ್ಕೆಂದು ಹೇಳಿದ್ದು. ನಾನು ಅದನ್ನು ನೆನಪಿಟ್ಟುಕೊಂಡೆ.

ಆಮೇಲೆ ದಿನವೂ ಅದರಲ್ಲೇ ಓಡಾಡತೊಡಗಿದ. ಹಾಸನದಲ್ಲಿ ಬಿ.ಎಂ. ರಸ್ತೆಯ ಗಲಾಟೆಯಲ್ಲಿ ಇಳಿದು ನಡೆಯುವುದು, ಒಳ ರಸ್ತೆಗಳಲ್ಲಿ ಹತ್ತಿಕೊಳ್ಳುವುದು. ಮುಕ್ಕಾಲು ಗಂಟೆಯ ನಡಿಗೆ ಅರ್ಧ ಗಂಟೆಗಿಳಿಯಿತು. ರೈಲು ತಪ್ಪುವುದು ನಿಂತಿತು. ಮನೆಗೆ ಬಂದಾಗ ಮುಖದಲ್ಲಿ ಒಂದು ಕಳೆ ಇರುತ್ತಿತ್ತು. ಅವ್ವ ಬಾಗಿಲಲ್ಲಿ ನಿಂತು, ನನ್ನ ಮಗ ಗಾಳೀಲಿ ತೇಲ್ಕಂಡು ಬತ್ತಾನೆ ಎಂದು ಪಕ್ಕದ ಮನೆಯವಳಿಗೆ ತೋರಿಸುತ್ತಿದ್ದಳು.

ನನಗೆ ಮಾತ್ರ ಹೊರಗೆ ತಲೆಯೆತ್ತುವುದು ಕಷ್ಟವಾಯಿತು. ಸ್ಟಾಫ್ ರೂಮಿನಲ್ಲಿ, ನಿಮ್ಮ ತಮ್ಮನಿಗೆ ಇನ್ನೊಂದು ಗಾಲಿ ಕೊಡಿಸುವಷ್ಟು ದುಡ್ಡಿರಲಿಲ್ವಾ ಎಂದು ತಮಾಷೆ. ಮಕ್ಕಳು ಬೆನ್ನ ಹಿಂದೆ ಸರ್ಕಸ್ ಮೇಡಂ ಎನ್ನುತ್ತಿದ್ದವು. ಕೇಳಿಸಿಕೊಂಡ ದಿನ ಇಡೀ ಐದನೇ ತರಗತಿಯನ್ನು ಬೆಂಚಿನ ಮೇಲೆ ನಿಲ್ಲಿಸಿದೆ. ಅದೂ ತಪ್ಪೇ, ಅದು ಚಿಕ್ಕ ತಪ್ಪು. ಇಷ್ಟರಲ್ಲಿ ಹಿರೀಸಾವೆ ಕಡೆಯಿಂದ ಇವನಿಗೊಂದು ಸಂಬಂಧ ಬಂದಿತ್ತು. ಫೋಟೊ ಒಪ್ಪಿಗೆಯಾಗಿತ್ತು. ಆಮೇಲೆ ಮಧ್ಯಸ್ಥಗಾರ ಫೋನು ಮಾಡಿ, ಹುಡುಗ ಸರ್ಕಸ್ಸಿನವನಂತೆ ಹೌದಾ ಎಂದು ಹುಡುಗಿಯ ಕಡೆಯವರು ಕೇಳುತ್ತಿದ್ದಾರೆ ಎಂದ. ನಾನು ಅವನಿಗೆ ಬಾಯಿಗೆ ಬಂದಂತೆ ಬೈದು ಫೋನಿಟ್ಟೆ. ಆ ಸಂಬಂಧ ಅಲ್ಲಿಗೆ ಮುರಿಯಿತು. ಇದನ್ನು ತಮ್ಮನಿಗೆ ಹೇಳಲಿಲ್ಲ, ಆದರೆ ಆ ಗಾಡಿಯನ್ನು ಮನೆಯಿಂದ ಓಡಿಸಬೇಕು ಎಂದು ಅವತ್ತೇ ಹಟ ತೊಟ್ಟೆ. ಬಿಡು ಎಂದು ಬಾಯಿಬಿಟ್ಟು ಹೇಳಿದ್ದರೆ ಬಿಟ್ಟೇಬಿಡುತ್ತಿದ್ದ. ಹಾಗೆ ಹೇಳಿದರೆ ನಾನು ಕೆಟ್ಟವಳಾಗುತ್ತೇನೆ. ಅವನಿಗೇ ಸಾಕು ಅನ್ನಿಸಬೇಕು. ಊರೆದುರಿಗೆ ಒಂದು ಸಲ ಬಿದ್ದು ನಗೆಪಾಟಲಾದರೆ ತಾನಾಗೇ ಬಿಡುತ್ತಾನೆ ಎಂದುಕೊಂಡೆ. ಅಪ್ಪನ ಹಾಗಾಗುತ್ತದೆ ಎಂಬ ಭಯವೂ ಇತ್ತು ಎಂದು ಇಷ್ಟು ದಿನ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡಿದ್ದೇನೆ. ಭಯ ಕಾಲು ಪಾಲು. ಮಿಕ್ಕ ಮುಕ್ಕಾಲು ಮರ್ಯಾದೆಯದು.

ಆಯುಧಪೂಜೆಯ ಹಿಂದಿನ ದಿನ ಇಬ್ಬರೂ ಪೇಟೆಗೆ ಹೋದೆವು. ಸಣ್ಣವನಿದ್ದಾಗಿನಿಂದ ಅದೇ ರೂಢಿ, ನಾನು ಆರಿಸುವುದು, ಅವನು ಚೀಲ ಹಿಡಿದು ಹಿಂದೆ ನಿಲ್ಲುವುದು. ನಿಂಬೆಹಣ್ಣಿನವಳು ಗೋಣಿಚೀಲದ ಮೇಲೆ ಗುಡ್ಡೆ ಹಾಕಿಕೊಂಡು ಕೂತಿದ್ದಳು. ನಾನು ಯಾವತ್ತೂ ತೆಳು ಸಿಪ್ಪೆಯ ಸಣ್ಣ ಹಣ್ಣನ್ನೇ ಆರಿಸುವವಳು, ದೊಡ್ಡದು ಬರೀ ಸಿಪ್ಪೆ. ಅವತ್ತು ಗುಡ್ಡೆಯನ್ನು ತಳದವರೆಗೂ ಕೆದಕಿ, ಇದ್ದುದರಲ್ಲೇ ದಪ್ಪನೆಯ, ಗಟ್ಟಿ ಸಿಪ್ಪೆಯ, ಒತ್ತಿದರೆ ಬೆರಳಿಗೆ ಬಗ್ಗದ ಒಂದು ಹಣ್ಣನ್ನು ಎತ್ತಿಕೊಂಡು ಚೀಲಕ್ಕೆ ಹಾಕಿದೆ.

ಮಾರನೇ ದಿನ ದೇವಸ್ಥಾನದ ಮುಂದೆ ಕಾರು, ಟ್ರಾಕ್ಟರು, ಬೈಕು, ಆಟೊ ಎಲ್ಲ ಬಾಳೆಕಂದು ಕಟ್ಟಿಕೊಂಡು ಸಾಲಾಗಿ ನಿಂತಿದ್ದವು. ಸಾಲಿನ ಕೊನೆಗೆ ನಮ್ಮದು, ವಿಭೂತಿ ಬಳಿದು, ಕುಂಕುಮವಿಟ್ಟು, ಸೀಟಿಗೆ ಒಂದು ಮೊಳ ಚೆಂಡುಹೂವು ಸುತ್ತಿ. ಅರ್ಚಕರು ಅದನ್ನು ನೋಡಿ ನಕ್ಕರು. ಎಲ್ಲರಿಗೂ ಗಾಲಿಗೊಂದರಂತೆ ನಿಂಬೆಹಣ್ಣು, ನಿಮಗೆ ಒಂದರಲ್ಲೇ ಮುಗಿಯಿತು ಎಂದು ಮಂಗಳಾರತಿ ಮಾಡಿ, ನಾನು ಕೊಟ್ಟ ಹಣ್ಣನ್ನು ಹತ್ತು ಹೆಜ್ಜೆ ಮುಂದೆ ಇಟ್ಟರು. ಗಾಲಿಯನ್ನು ಕೈಯಲ್ಲಿ ಉರುಳಿಸಿಕೊಂಡು ಬಂದು ಹಣ್ಣಿಗೆ ಮುಟ್ಟಿಸಿದರೆ ಸಾಕು ಎಂದು ಅವರೇ ಹೇಳಿದರು. ದೇವರ ಕೆಲಸ ಅಲ್ಲಿಗೆ ಮುಗಿದಿತ್ತು. ಉಳಿದದ್ದು ನನ್ನದು.

ಕೂತು ಹತ್ತಿಸಲಿ ಎಂದೆ. ಸುತ್ತ ಜನ ಸೇರಿದರು, ಫೋನುಗಳು ಮೇಲೆದ್ದವು. ತಮ್ಮ ನನ್ನ ಹತ್ತಿರ ಬಂದು ದನಿ ತಗ್ಗಿಸಿದ.

"ಅಕ್ಕ, ಚಿಕ್ಕ ಗಾಲಿ ಇದು. ತಳ್ಕಂಡೋಗಿ ಅತ್ತಿಸ್ಬುಡ್ತೀನಿ."

"ತಳ್ಳೋದಕ್ಕೆ ಅದೇನು ತರಕಾರಿ ಗಾಡಿಯೇನೋ? ದಿನಾ ಕೂತು ತಾನೆ ಓಡಾಡ್ತೀಯ, ದೇವರ ಮುಂದೆ ಮಾತ್ರ ಯಾಕೆ ಇಳಿದು ನಿಲ್ತೀಯ? ಅವ್ವ ನೋಡ್ತಾ ಇದಾಳೆ, ಕೂತು ಹತ್ತಿಸು."

ಅವನು ಹಣ್ಣನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ, ಸ್ವಲ್ಪ ಹೊತ್ತೇ ನೋಡಿದ. ಚಪ್ಪಲಿ ಬಿಟ್ಟು, ದೀಪದ ಕಂಬ ಹಿಡಿದು ಹತ್ತಿದ. ಹತ್ತು ಹೆಜ್ಜೆ ದೂರವನ್ನು ಚೆನ್ನಾಗಿಯೇ ಬಂದ. ಹಣ್ಣಿನ ಹತ್ತಿರ ಬಂದಾಗ ಜೋರಾಗಿ ಒಂದು ತುಳಿತ ತುಳಿದ. ಹಣ್ಣು ಒಡೆಯಲಿಲ್ಲ. ಗಾಲಿ ಅಲ್ಲೇ ನಿಂತಿತು. ಅವನು ಎರಡೂ ಕೈ ಮುಂದೆ ಚಾಚಿಕೊಂಡು ಕಲ್ಲುಹಾಸಿನ ಮೇಲೆ ಬಿದ್ದ. ನಾನು ಬಯಸಿದ್ದಂತೆಯೇ ಎಲ್ಲರೂ ನಕ್ಕರು. ಅವನು ಏಳಲಿಲ್ಲ, ಬಲಗೈಯನ್ನು ಹೊಟ್ಟೆಗೆ ಒತ್ತಿಕೊಂಡು ಕೂತೇ ಇದ್ದ. ಆಗ ನಗು ನಿಂತಿತು. ನಿಂಬೆಹಣ್ಣು ಉರುಳಿಕೊಂಡು ಹೋಗಿ ಯಾರದೋ ಕಾರಿನ ಕೆಳಗೆ ಸೇರಿತು.

ಮುರಿದಿದೆ ಎಂದು ಯಾರೋ ಅಂದರು. ಉಳುಕು ಅಷ್ಟೇ ಎಂದೆ ನಾನು. ಯಾಕೆ ಹಾಗೆಂದೆ ಎಂದರೆ, ಉಳುಕಾದರೆ ನನ್ನ ತಪ್ಪು ನಾಲ್ಕು ದಿನದ ತಪ್ಪು, ಮೂಳೆ ಮುರಿದಿದ್ದರೆ ಅದು ಬೇರೆಯೇ. ಆಸ್ಪತ್ರೆ ಬೇಡ, ಹಬ್ಬದ ದಿನ ಡಾಕ್ಟರು ಎಲ್ಲಿರುತ್ತಾರೆ ಎಂದು ಹಿಂದಿನ ಬೀದಿಯ ಉಳುಕು ತೆಗೆಯುವ ಅಜ್ಜಿಯ ಹತ್ತಿರ ಕರೆದುಕೊಂಡು ಹೋದೆ. ಅವಳು ಹರಳೆಣ್ಣೆ ಹಚ್ಚಿ ಮಣಿಕಟ್ಟನ್ನು ತಿಕ್ಕಿದಳು. ಮೂರು ದಿನ ತಿಕ್ಕಿಸಿದೆ. ತಮ್ಮ ಹಲ್ಲು ಕಚ್ಚಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿರುತ್ತಿದ್ದ, ಬೇಡ ಎನ್ನಲಿಲ್ಲ. ನಾಲ್ಕನೇ ದಿನ ಕೈ ಬದನೆಕಾಯಿ ಬಣ್ಣಕ್ಕೆ ತಿರುಗಿದಾಗ ಹಾಸನದ ಆಸ್ಪತ್ರೆಗೆ ಹೋದೆವು. ಡಾಕ್ಟರು ಎಕ್ಸ್‌ರೇ ಹಿಡಿದು, ಓದಿದವರಾಗಿ ಮುರಿದ ಮೂಳೆಯನ್ನು ತಿಕ್ಕಿಸಿದ್ದೀರಲ್ಲಮ್ಮ ಎಂದರು. ನಾನು ತಲೆ ತಗ್ಗಿಸಿದೆ. ತಮ್ಮ ಮಾತ್ರ, ನಂಗೂ ಉಳುಕು ಅಂತ್ಲೇ ಅನ್ಸಿತ್ತು ಸಾ, ಎಂದು ನನ್ನ ಪರ ನಿಂತ.

ಎರಡು ತಿಂಗಳಾದ ಮೇಲೆ ಪಟ್ಟಿ ಬಿಚ್ಚಿದರು. ಮೂಳೆ ಕೂಡಿತ್ತು, ಕೈ ಮಾತ್ರ ಮೊದಲಿನ ಕೈ ಆಗಲಿಲ್ಲ. ಮಣಿಕಟ್ಟು ಪೂರ್ತಿ ಮಡಚುವುದಿಲ್ಲ. ಸಣ್ಣ ವಸ್ತು ಹಿಡಿದರೆ ಬೆರಳು ನಡುಗುತ್ತದೆ. ಅಂಗಡಿ ಮಾಲೀಕ ಒಳ್ಳೆಯವನು, ಕೆಲಸದಿಂದ ತೆಗೆಯಲಿಲ್ಲ. ಒಂದು ವಾರ ಬೋರ್ಡಿನ ಮುಂದೆ ಕೂರಿಸಿ ನೋಡಿ, ಆಮೇಲೆ ಮುಂದಿನ ಕೌಂಟರಿಗೆ ಹಾಕಿದ. ಈಗ ಅವನು ಫೋನಿನ ಕವರು ಮಾರುತ್ತಾನೆ, ಗಾಜಿನ ಮೇಲೆ ಹಾಳೆ ಅಂಟಿಸುತ್ತಾನೆ. ಅಂಟಿಸುವಾಗ ಗುಳ್ಳೆ ಉಳಿದರೆ ಗಿರಾಕಿಗಳು ಬೈಯುತ್ತಾರೆ. ಅರಕಲಗೂಡಿನಿಂದ ಬರುವ ಸತ್ತ ಫೋನುಗಳನ್ನು ಅವನೇ ಕೆಲಸ ಕಲಿಸಿದ ಇನ್ನೊಬ್ಬ ಬಿಚ್ಚುತ್ತಾನೆ. ಒಂದು ದಿನ ನಾನು ಅಂಗಡಿಗೆ ಹೋದಾಗ ಅವನು ಕೌಂಟರಿನಿಂದ ಕತ್ತು ತಿರುಗಿಸಿ ಒಳಗಿನ ಮೇಜನ್ನೇ ನೋಡುತ್ತಿದ್ದ. ನಾನು ಕಂಡೂ ಕಾಣದವಳ ಹಾಗೆ ವಾಪಸ್ಸು ಬಂದೆ.

ಮನೆಗೆ ಬಂದು ನೋಡಿಹೋದವರಿಗೆಲ್ಲ ನಾನು ಹೇಳಿದ್ದು ಒಂದೇ. ಆ ಸುಡುಗಾಡು ಸೈಕಲ್ಲಿನಿಂದ, ಮೊದಲೇ ಬೇಡ ಎಂದಿದ್ದೆ. ನಿಂಬೆಹಣ್ಣಿನ ಮಾತೇ ಎತ್ತಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಗಾಲಿ ಡೊಂಕು ಅಂದೆ. ಯಾರಾದರೂ ಪೂಜೆ ಎಂದರೆ ಸಾಕು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಬೆಚ್ಚುತ್ತಿದ್ದೆ. ಗಾಡಿಯನ್ನು ಅಟ್ಟಕ್ಕೆ ಹಾಕಿಸಿದೆ. ನಾನು ಗೆದ್ದಿದ್ದೆ.

ಶಿವರಾತ್ರಿ ಕಳೆದು ಒಂದು ಬೆಳಗ್ಗೆ ಅಟ್ಟದಲ್ಲಿ ಸದ್ದಾಯಿತು. ತಮ್ಮ ಎಡಗೈಯಲ್ಲಿ ಗಾಡಿ ಇಳಿಸುತ್ತಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು. ಇನ್ನೂ ಬುದ್ಧಿ ಬರಲಿಲ್ಲವೇನೋ, ಇನ್ನೊಂದು ಕೈಯನ್ನೂ ಮುರಿದುಕೊಳ್ಳಬೇಕಾ ಎಂದು ಕಿರುಚಿದೆ. ಅವನು ಗಾಲಿಯ ದೂಳು ಒರೆಸುತ್ತಾ, ಸಿಟ್ಟಿಲ್ಲದೆ ಹೇಳಿದ.

"ಬಸ್ಸಲ್ಲಿ ಕಂಬಿ ಇಡ್ಕಳಕ್ಕಾಗಲ್ಲ ಕಣಕ್ಕ, ಜರ್ಕ್ ಹೊಡೆದ್ರೆ ನೋಯ್ತದೆ. ಸೈಕಲ್ ತಗಂಡ್ರೆ ಬ್ರೇಕ್ ಇಡ್ಕಳಕ್ಕಾಗಲ್ಲ. ಇದುಕ್ಕೆ ಕೈಯೇ ಬ್ಯಾಡ. ಇನ್ಮೇಲೆ ನಂಗೆ ಆಗೋ ಗಾಡಿ ಇದೊಂದೇಯ."

ಅವತ್ತು ಶಾಲೆಯಲ್ಲಿ ನಾನು ಏನು ಪಾಠ ಮಾಡಿದೆನೋ ಗೊತ್ತಿಲ್ಲ. ಇವನಿಗೆ ಉಳಿದಿರುವುದು ಆ ಒಂದೇ ಗಾಡಿ, ಅದರಲ್ಲೂ ಕಲ್ಲಿಗೆ ನಿಂತುಹೋಗುವ ಗಾಲಿ, ಅದನ್ನು ಆರಿಸಿಕೊಟ್ಟವಳು ನಾನು. ಆ ಭಾನುವಾರ ಅವನನ್ನು ಹೊರಡಿಸಿಕೊಂಡು ಮತ್ತೆ ಚನ್ನರಾಯಪಟ್ಟಣಕ್ಕೆ ಹೋದೆ. ದೊಡ್ಡದು ಅದೇ ಮೊಳೆಯಲ್ಲಿ ನೇತಾಡುತ್ತಿತ್ತು. ಅದನ್ನು ಇನ್ಯಾರು ಕೊಳ್ಳುತ್ತಾರೆ? ಮುದುಕ ನಮ್ಮ ಚಿಕ್ಕದನ್ನು ವಾಪಸ್ಸು ತೆಗೆದುಕೊಳ್ಳುವಾಗ ತಮ್ಮನ ಕೈ ನೋಡಿ ಏನಾಯಿತು ಎಂದು ಕೇಳಿದ. ಬಿದ್ದೆ ಎಂದ ತಮ್ಮ. ಮುದುಕ ನನ್ನ ಕಡೆ ನೋಡಿದ. ನಾನು ಬೆಲೆ ಕೇಳಲಿಲ್ಲ, ಚೌಕಾಸಿ ಮಾಡಲಿಲ್ಲ, ಅವನು ಹೇಳಿದಷ್ಟನ್ನು ಎಣಿಸಿ ಕೊಟ್ಟೆ. ಹಾಗೆ ಕೊಟ್ಟದ್ದರಿಂದ ಎದೆ ಹಗುರವಾದೀತು ಎಂದುಕೊಂಡಿದ್ದೆ. ಏನೂ ಆಗಲಿಲ್ಲ.

ವಾಪಸ್ಸು ಬರುವ ಬಸ್ಸಿನಲ್ಲಿ ಗಾಲಿ ನಮ್ಮಿಬ್ಬರ ಮೊಣಕಾಲುಗಳ ನಡುವೆ ಇತ್ತು. ಬಸ್ಸು ಊರು ದಾಟಿ ತೆಂಗಿನ ತೋಟಗಳ ನಡುವೆ ಹೊರಟ ಮೇಲೆ, ಕಿಟಕಿ ಕಡೆ ಮುಖ ಮಾಡಿಕೊಂಡೇ ಹೇಳಿಬಿಟ್ಟೆ. ಮುಖ ನೋಡಿ ಹೇಳುವ ಧೈರ್ಯ ಇರಲಿಲ್ಲ.

"ಅವತ್ತು ನೀನು ಬೀಳಲಿ ಅಂತಲೇ ನಾನು ನಿಂಬೆಹಣ್ಣಿನ ಮೇಲೆ ಹತ್ತಿಸಿದ್ದು ಕಣೋ."

ಅವನು ಗಾಲಿಯ ಕಡ್ಡಿಗಳನ್ನು ಒಂದೊಂದಾಗಿ ಎಡಗೈಯಲ್ಲಿ ಮುಟ್ಟಿ ನೋಡುತ್ತಿದ್ದವನು ನಿಲ್ಲಿಸಲಿಲ್ಲ.

"ಗೊತ್ತು ಕಣಕ್ಕ. ದೊಡ್ಡದು ಬರೀ ಸಿಪ್ಪೆ ಅಂತ ನಂಗೆ ಹೇಳ್ಕೊಟ್ಟೋಳು ನೀನೇ. ಅವತ್ತು ತಳದಗಂಟ ಕೆದಕಿ ದೊಡ್ಡದು ತಗಂಡಲ್ಲ, ನಾನು ಹಿಂದ್ಗಡೇನೇ ಚೀಲ ಇಡ್ಕಂಡು ನಿಂತಿದ್ದೆ."

ಗೊತ್ತಿದ್ದೂ ಯಾಕೆ ಹತ್ತಿದೆಯೋ ಎಂದು ಕೇಳಿದೆ.

"ದಾಟ್ಬುಟ್ರೆ ನೀನು ಒಪ್ಕತೀಯ ಅನ್ಕಂಡೆ."

ಕಂಡಕ್ಟರ್ ಬಂದು ಈ ಗಾಲಿಗೂ ಲಗೇಜು ಹರೀಬೇಕೇನಮ್ಮ ಎಂದು ಕೇಳುತ್ತಿದ್ದ. ಜನ ತುಂಬಿದ ಬಸ್ಸಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ತಮ್ಮ ಎಡಗೈಯಿಂದ ಜೇಬು ತಡಕಿ ದುಡ್ಡು ಕೊಟ್ಟು ಟಿಕೇಟು ತಗೊಂಡ.

ಹೊಳೆನರಸೀಪುರ ಬಂದಾಗ ಅವನಿಗೆ ಬಿಡದೆ ಗಾಲಿಯನ್ನು ನಾನೇ ಇಳಿಸಿಕೊಂಡೆ. ಬಸ್‌ಸ್ಟ್ಯಾಂಡಿನಿಂದ ಮನೆಯವರೆಗೆ ಪೇಟೆ ಬೀದಿಯಲ್ಲೇ, ಸೀರೆಗೆ ಮಸಿ ಹತ್ತಿಸಿಕೊಂಡು ಉರುಳಿಸಿಕೊಂಡು ಬಂದೆ. ನನ್ನ ಶಾಲೆಯ ಮಕ್ಕಳು ನೋಡಿದರು, ಸರ್ಕಸ್ ಮೇಡಂ ಅಂದರೋ ಇಲ್ಲವೋ, ಕಿವಿಗೆ ಹಾಕಿಕೊಳ್ಳಲಿಲ್ಲ. ನಮ್ಮ ಬೀದಿಗೆ ತಿರುಗಿದಾಗ ಪಕ್ಕದ ಮನೆಯವಳು ಜಗುಲಿಯಿಂದ ಎದ್ದು ಬಂದು, ಅದರಿಂದಲೇ ಕೈ ಮುರೀತಲ್ಲ ಮೇಡಂ, ಮತ್ತೆ ಅದೇ ಕರ್ಮ ತಂದಿದ್ದೀರಲ್ಲ ಎಂದಳು.

"ಕೈ ಮುರಿದದ್ದು ಗಾಡಿಯಲ್ಲ. ನಾನು ಮುರಿದದ್ದು" ಎಂದೆ.

ನಾನು ಏನೋ ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ಅವಳು ಗಟ್ಟಿಯಾಗಿ ನಕ್ಕಳು. ಬಾಗಿಲಲ್ಲಿ ನಿಂತಿದ್ದ ಅವ್ವ ನಗಲಿಲ್ಲ. ನನ್ನ ಮುಖವನ್ನೇ ನೋಡಿದಳು, ಆಮೇಲೆ ಹೊಸಿಲಿನ ಪಕ್ಕಕ್ಕೆ ಸರಿದು ಗಾಲಿಗೆ ದಾರಿ ಬಿಟ್ಟಳು.